ಎದುರು ಫುಟ್‌ಪಾತಿನಿಂದ

ಲ್ಯಾಪ್‌ಟಾಪಿನಲ್ಲಿ ವೆಬ್ ಪುಟ ತೆರೆದುಕೊಂಡಿತು. ಅವಳೇ ಮಾಡಿದ ಪುಟ ಹೌದು, ಆದರೆ ರಾತ್ರಿ ಮಲಗಿಸಿದ ಮಗು ಬೆಳಗಾಗುವಷ್ಟರಲ್ಲಿ ಆಳೆತ್ತರ ಬೆಳೆದು ಬಾಗಿಲಿಗೆ ತಲೆ ತಾಗಿಸಿಕೊಂಡು ನಿಂತ ಹಾಗಿತ್ತು. ‘ಕಣ್ಣಿನ ಆಸ್ಪತ್ರೆ’ ಎಂಬ ತಲೆಬರಹ ಪರದೆಯ ಬಲ ಅಂಚಿಗೆ ಹೋಗಿ ಡಿಕ್ಕಿ ಹೊಡೆದು ಕೊನೆಯ ಅಕ್ಷರ ಅರ್ಧ ಆಚೆ ಹೋಗಿತ್ತು. ಒಂದೇ ಸಾಲಿನಲ್ಲಿ ನಿಲ್ಲಬೇಕಾದ ಗುಂಡಿಗಳಲ್ಲಿ ‘ಸಂಪರ್ಕಿಸಿ’ ಎಂಬುದೊಂದು ಜಾಗ ಸಾಲದೆ ಕೆಳಗೆ ಬಿದ್ದಿತ್ತು. ಡಾಕ್ಟರಮ್ಮನ ಫೋಟೋದಲ್ಲಿ ಗಲ್ಲದ ಮೇಲೆ ಭೇಟಿಯ ಸಮಯಗಳು ಬಂದು ಕೂತು ಆಕೆಗೆ ಗಡ್ಡ ಬಂದಿತ್ತು. ಅವಳ ಎದೆ ಧಸಕ್ಕೆಂದಿತು. ಆದರೆ ಧಸಕ್ಕೆಂದ ಎದೆಯಲ್ಲಿ ಬೆಳಗಿನ ಸಂತೋಷ ಇನ್ನೂ ಹಾಗೇ ಕುದಿಯುತ್ತಿತ್ತು. ಇದು ಹೆದರಿಕೆಯೋ ಹುಮ್ಮಸ್ಸೋ ಎಂದು ಬಿಡಿಸಿ ನೋಡಲು ಹೋದರೆ ಎರಡೂ ಒಂದೇ ಕಡೆ, ಗಂಟಲ ಕೆಳಗೆ, ಹೊಡೆದುಕೊಳ್ಳುತ್ತಿದ್ದವು. ಹೊಸ ಲ್ಯಾಪ್‌ಟಾಪ್ ಮನೆಗೆ ಬಂದು ಇನ್ನೂ ಅರ್ಧ ದಿನವಾಗಿರಲಿಲ್ಲ. ಮುಚ್ಚಳದ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮನಸ್ಸು ಬಾರದೆ ಒಂದು ಮೂಲೆ ಮಾತ್ರ ಎಬ್ಬಿಸಿ ಮತ್ತೆ ಅಂಟಿಸಿದ್ದಳು. ಡಬ್ಬದ ಒಳಗಿನ ವಾಸನೆಯನ್ನು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೂಸಿದ್ದಳು. ನಲವತ್ತು ದಾಟಿದ ಹೆಂಗಸು ರಟ್ಟಿನ ಡಬ್ಬದೊಳಗೆ ಮುಖ ಹಾಕಿ ಕೂತಿದ್ದನ್ನು ನೋಡಿದ್ದರೆ ಅಕ್ಕ ಒಂದು ವರ್ಷ ಆಡಿಕೊಂಡು ನಗುತ್ತಿದ್ದಳು.

“ಅಪ್ಪಾ, ಬಂತು!” ಎಂದು ಆಗ ಕೂಗಿದ್ದಕ್ಕೆ ಮುಂದಿನ ಕೋಣೆಯಿಂದ ಅಪ್ಪ, “ಚೆನ್ನಾಗಿದೆ ಬಿಡು,” ಎಂದಿದ್ದರು. ಡಬ್ಬ ಇನ್ನೂ ತೆರೆದಿರಲಿಲ್ಲ. ಈಚೆಗೆ ಅಪ್ಪನಿಗೆ ಎಲ್ಲವೂ ಚೆನ್ನಾಗಿದೆ ಬಿಡು. ಅವಳ ಹೊಸ ಸೀರೆ ಚೆನ್ನಾಗಿದೆ, ಗೋಡೆಗೆ ಹೊಡೆಸಿದ ಬಣ್ಣ ಚೆನ್ನಾಗಿದೆ, ಅವಳು ಫೋನನ್ನು ಮುಖದ ಹತ್ತಿರ ಹಿಡಿದು ‘ನಾನು ಮಾಡಿದ್ದು ಅಪ್ಪಾ’ ಎಂದು ತೋರಿಸಿದ ಪುಟಗಳೆಲ್ಲ ಚೆನ್ನಾಗಿವೆ. ಒಂದು ಸಲ ಮಾತ್ರ, ಬೇಸರವೋ ಏನೋ, “ಇರುವೆ ಸಾಲು ಹೋದಂಗೆ ಕಾಣ್ತದಮ್ಮ” ಎಂದುಬಿಟ್ಟು, ತಕ್ಷಣ “ಆದ್ರೆ ಚೆನ್ನಾಗಿದೆ” ಎಂದು ಸೇರಿಸಿದ್ದರು. ಆ ಸೇರಿಸಿದ ಮಾತು ಅವಳಿಗೆ ಇವತ್ತಿಗೂ ಚುಚ್ಚುತ್ತದೆ. ಬೋರ್ಡು ಬರೆಯುವ ಕಾಲದಲ್ಲಿ ಈ ಮನುಷ್ಯನ ಬಾಯಿಂದ ‘ಚೆನ್ನಾಗಿದೆ’ ಎಂಬ ಪದವನ್ನು ಊರಿನ ಯಾರೂ ಕೇಳಿರಲಿಲ್ಲ. “ಇದೇನು ಅಕ್ಷರಾನಾ? ಜ್ವರ ಬಂದಿದ್ಯಾ ಇದಕ್ಕೆ? ಇಳಿ, ಇಳಿ ಕೆಳಗೆ. ಹೋಗು ಎದುರಿಗೆ.” ಎದುರಿಗೆ ಎಂದರೆ ರಸ್ತೆಯ ಆಚೆ ಬದಿಯ ಫುಟ್‌ಪಾತು. ಏಣಿಯಿಂದ ಇಳಿದು, ಕೈಯಲ್ಲಿ ಒದ್ದೆ ಬ್ರಶ್ಶು ಹಿಡಿದು, ಹಾರ್ನು ಹೊಡೆಯುವ ಗಾಡಿಗಳ ನಡುವೆ ರಸ್ತೆ ದಾಟಿ, ಆಚೆ ನಿಂತು ತಾನು ಬರೆದದ್ದನ್ನು ತಾನೇ ಓದಬೇಕು. ಅಪ್ಪನ ಅಂಗಡಿಯಲ್ಲಿ ಇದೊಂದು ತಪ್ಪಿಸುವಂತಿಲ್ಲದ ನೇಮ. “ಹತ್ರ ನಿಂತವ್ನು ಬರೀತಾನೆ, ದೂರ ನಿಂತವ್ನು ಓದ್ತಾನೆ. ಬೋರ್ಡು ಇರೋದು ದೂರ ನಿಂತಿರೋನಿಗೆ.” ಒಮ್ಮೆ ಅವಳು ರಸ್ತೆ ದಾಟುವಾಗ ಬ್ರಶ್ಶಿನ ಕೆಂಪು ಬಣ್ಣ ಸೈಕಲ್ಲಿನವನೊಬ್ಬನ ಬಿಳಿ ಪ್ಯಾಂಟಿಗೆ ತಾಗಿ ಅವನು ಬೈದದ್ದು, ಅಪ್ಪ ಏಣಿಯ ಮೇಲಿನಿಂದಲೇ “ಅವ್ಳು ಕೆಲ್ಸ ನೋಡ್ತಿದಾಳೆ ಸ್ವಾಮಿ, ನೀವು ದಾರಿ ನೋಡಿ” ಎಂದು ಕೂಗಿದ್ದು. ಆಗ ನಾಚಿಕೆಯಿಂದ ಸತ್ತಿದ್ದಳು, ಈಗ ಆ ಕೂಗಿಗೆ ಏನು ಬೇಕಾದರೂ ಕೊಡುತ್ತಾಳೆ.

ಮೊದಲು ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದಳು. ಯಂತ್ರ ಯಾವುದೇ ಇರಲಿ, ಕಾಯಿಲೆ ಏನೇ ಇರಲಿ, ಎಲ್ಲರಿಗೂ ಗೊತ್ತಿರುವ ಮದ್ದು ಅದೊಂದೇ. ಲ್ಯಾಪ್‌ಟಾಪ್ ಮಲಗಿ ಎದ್ದಿತು, ಡಾಕ್ಟರಮ್ಮನ ಗಡ್ಡ ಹಾಗೇ ಇತ್ತು. ಸಹಾಯದ ಪುಟವೊಂದು, ಬ್ರೌಸರ್ ತನ್ನ ನೆನಪಿನಲ್ಲಿ ಉಳಿದಿರುವ ಹಳೆಯ ಪುಟವನ್ನೇ ತೋರಿಸುತ್ತಿರಬಹುದು, ಆ ನೆನಪನ್ನು ಅಳಿಸಿ ನೋಡಿ ಎಂದಿತು. ಇವತ್ತು ಹುಟ್ಟಿದ ಕೂಸಿಗೆ ಅಳಿಸುವಷ್ಟು ನೆನಪು ಎಲ್ಲಿಂದ ಬಂತು? ಆದರೂ ಅಳಿಸಿದಳು. ಬೇರೆ ಬ್ರೌಸರ್ ಇಳಿಸಿಕೊಂಡು ಅದರಲ್ಲಿ ತೆರೆದಳು; ಅದರಲ್ಲೂ ಅದೇ ಗಡ್ಡ. ಪರದೆಯ ಸೆಟ್ಟಿಂಗಿಗೆ ಹೋಗಿ ಒಂದು ಅಂಕಿ ಬದಲಿಸಿದ ಕೂಡಲೇ ಎಲ್ಲವೂ ಅಡ್ಡಡ್ಡ ಹಿಗ್ಗಿ ಗಾಬರಿಯಾಗಿ ವಾಪಸ್ಸು ತಂದಳು. ಒಂದೊಂದು ಸಲ ಸೋತಾಗಲೂ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ತಾನು ಅಳಬೇಕಾಗಿತ್ತಲ್ಲವೇ ಎಂದು ಅವಳಿಗೇ ಆಶ್ಚರ್ಯವಾಯಿತು. ಕಂಪ್ಯೂಟರ್ ತರಗತಿಯಲ್ಲಿ ಅವಳ ಅರ್ಧ ವಯಸ್ಸಿನ ಮೇಷ್ಟ್ರು, “ಅಮ್ಮಾ, ನೀವು ಸುಮ್ನೆ ನೋಡ್ತಿರಿ, ಒತ್ಬೇಡಿ,” ಎಂದಾಗ ನಿಜಕ್ಕೂ ಅತ್ತಿದ್ದಳು, ಶೌಚಾಲಯದಲ್ಲಿ, ನಲ್ಲಿ ಬಿಟ್ಟುಕೊಂಡು. ಇವತ್ತು ಒತ್ತುವವಳು ಅವಳೇ. ಯಾವ ಗುಂಡಿ ಒತ್ತಿದರೂ ಕೇಳುವವರಿಲ್ಲ, ಯಂತ್ರ ತನ್ನದು. ಮೇಜಿನ ಕೆಳಗೆ ಅವಳ ಕಾಲು ತಾನಾಗಿ ಕುಣಿಯುತ್ತಿತ್ತು.

ಫೋನು ಹೊಡೆದುಕೊಂಡಿತು. ಅಕ್ಕ. ಆಸ್ಪತ್ರೆಯಲ್ಲಿ ನರ್ಸು, ಈ ಕೆಲಸ ಕೊಡಿಸಿದವಳೂ ಅವಳೇ. “ಡಾಕ್ಟರಮ್ಮ ಕೇಳ್ತಿದ್ರು. ಸಾಯಂಕಾಲ ಕೊನೇ ಪೇಷಂಟ್ ಆದ್ಮೇಲೆ ನಿಂದು ನೋಡ್ತಾರಂತೆ. ಇನ್ನೊಬ್ರು ಕಳ್ಸಿರೋದೂ ಬಂದಿದೆ ಕಣೇ, ಆ ದೊಡ್ಡ ಕಂಪನಿಯೋರದ್ದು. ಎರಡ್ರಲ್ಲಿ ಒಂದು ಅಂತ ಇವತ್ತೇ ಹೇಳ್ಬಿಡ್ತಾರಂತೆ. ಸರಿ ಮಾಡಿದ್ಯಾ?”

“ಏನನ್ನ ಸರಿ ಮಾಡೋದು?”

“ಅದೇ, ಹೋದ ವಾರ ಹೇಳಿದ್ನಲ್ಲ.”

ಹೋದ ವಾರ ಅಕ್ಕ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಪುಟ ತೆರೆದು ನೋಡಿ, “ಏನೇ ಪುಟ್ಟಿ ಇದು, ಅಂಗಡಿ ಬೋರ್ಡಿನ ಥರ ಇದೆ,” ಎಂದಿದ್ದಳು. ಅವಳು ಆಗ ಏನಂದಳು? “ಬೋರ್ಡು ಬರೆಯೋನ ಮಗಳಲ್ವಾ ನಾನು. ನಿನಗೆ ಮರ್ತೋಗಿರ್ಬೋದು, ನರ್ಸಮ್ಮ.” ಫೋನಿಟ್ಟ ಮೇಲೂ ಆ ‘ನರ್ಸಮ್ಮ’ ಎಂಬ ಪದ ಬಾಯಲ್ಲಿ ಹುಳಿ ಹುಳಿಯಾಗಿ ಉಳಿದಿತ್ತು. ಅಕ್ಕ ಕಾಲೇಜಿಗೆ ಹೋದದ್ದು, ತಾನು ಏಣಿ ಹತ್ತಿದ್ದು, ಅದರಲ್ಲಿ ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಆದರೂ ಆ ಮಾತು ಎಲ್ಲೋ ಕಾದು ಕೂತಿತ್ತು, ಬಾಗಿಲು ಸಿಕ್ಕಿದ ಕೂಡಲೇ ಹೊರಬಿತ್ತು. ಅಕ್ಕ ತಿರುಗಿ ಮಾತಾಡಿರಲಿಲ್ಲ. ಈಗಲೂ ಅದರ ಸುದ್ದಿ ಎತ್ತದೆ, “ಸರಿ, ಬೇಗ ಬಾ, ನಾ ಕಾಯ್ತಿರ್ತೀನಿ,” ಎಂದು ಇಟ್ಟಳು. ಆದರೆ ಫೋನು ಕೆಳಗಿಟ್ಟ ಅವಳು ತಟ್ಟನೆ ನಿಂತಳು. ಹೋದ ವಾರ. ಆಸ್ಪತ್ರೆಯ ಕಂಪ್ಯೂಟರು. ಅಂಗಡಿ ಬೋರ್ಡಿನ ಥರ. ಹೋದ ವಾರ ಈ ಹೊಸ ಲ್ಯಾಪ್‌ಟಾಪ್ ಹುಟ್ಟಿಯೇ ಇರಲಿಲ್ಲವಲ್ಲ.

ಲ್ಯಾಪ್‌ಟಾಪ್ ಮಾರಿದ ಅಂಗಡಿಯವನಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿ, ವಿಳಾಸ ಹೇಳಿ ಮೇಡಂ, ಇಲ್ಲಿ ತೆಗೆದು ನೋಡ್ತೀನಿ ಎಂದ. ಆಚೆ ಕೀಲಿಗಳ ಸದ್ದು. ಆಮೇಲೆ ಯಾರೋ ನಗು ತಡೆದುಕೊಂಡಂಥ ಕೆಮ್ಮು.

“ಮೇಡಂ, ಈ ಲೇಡಿ ಡಾಕ್ಟರ್‌ಗೆ ಗಡ್ಡ ಬಂದಿದೆಯಲ್ಲ, ಅದೇನಾ?”

“ಹೌದು! ಅದೇ!” ಎಂದಳು ಅವಳು, ಕಳೆದುಹೋದ ಮಗು ಸಿಕ್ಕಿತೆಂಬಂತೆ.

“ನಮ್ಮಲ್ಲೂ ಹಾಗೇ ಕಾಣ್ತಿದೆ. ಪಕ್ಕದ್ದರಲ್ಲೂ ಹಾಗೇ ಇದೆ. ಲ್ಯಾಪ್‌ಟಾಪ್ ಚೆನ್ನಾಗೇ ಇದೆ ಮೇಡಂ. ಪುಟಾನೇ ಯಾರೋ ಹಾಗೆ ಮಾಡಿದಾರೆ.”

ಯಾರೋ. ಅವಳು ಥ್ಯಾಂಕ್ಸ್ ಎಂದು ಇಟ್ಟಳು. ಮುಖ ಬಿಸಿಯಾಗಿತ್ತು. ಅಂದರೆ ಊರಿನವರೆಲ್ಲ ಹಾಗೇ ನೋಡುತ್ತಿದ್ದಾರೆ. ತಾನು ಕೂತು ಕೂತು ಅಂಚು ತಿದ್ದಿದ, ಒಂದು ಎಳೆ ಆಚೀಚೆ ಆಗದ ಹಾಗೆ ಜೋಡಿಸಿದ ಪುಟವನ್ನು ತನ್ನ ಹೊರತು ಇನ್ನೊಬ್ಬರು ಕಂಡಿಲ್ಲ. ಈ ಯೋಚನೆಗೆ ಅವಳ ಮೈ ಜುಮ್ಮೆಂದಿತು. ಅವಮಾನಕ್ಕೆ ಜುಮ್ಮೆನ್ನುವುದು ಬೇರೆ, ಇದು ಬೇರೆ. ಬಟ್ಟೆ ಅಂಗಡಿಯ ಮೂರು ಕನ್ನಡಿಗಳ ನಡುವೆ ನಿಂತಾಗ ಅಕಸ್ಮಾತ್ತಾಗಿ ತನ್ನ ಬೆನ್ನು ತನಗೇ ಕಂಡು, ಇವಳ್ಯಾರು ಎನ್ನಿಸಿತ್ತು ಒಮ್ಮೆ. ತನ್ನ ಬೆನ್ನನ್ನು ಎಲ್ಲರೂ ಇಷ್ಟು ವರ್ಷ ನೋಡುತ್ತಿದ್ದಾರೆ, ತಾನೊಬ್ಬಳೇ ನೋಡಿರಲಿಲ್ಲ. ಮುಂದಿನ ಕೋಣೆಯಲ್ಲಿ ಅಪ್ಪ ರೇಡಿಯೋದ ಕಿವಿ ಹಿಂಡುತ್ತಿದ್ದರು, ಕರಕರ ಸದ್ದು. ಅಪ್ಪನ ಹಾಗೆ ತಾನೂ ಪಕ್ಕಕ್ಕೆ ನೋಡಿ ನೋಡಬೇಕೇನೋ. ಅಪ್ಪನ ಕಣ್ಣಿನ ನಟ್ಟನಡುವೆ ಒಂದು ಮಬ್ಬು ಕೂತಿದೆ. ನೇರ ನೋಡಿದ್ದು ಅಳಿಸಿ ಹೋಗುತ್ತದೆ, ಅಂಚಿನಲ್ಲಿರುವುದು ಉಳಿಯುತ್ತದೆ. ಆದ್ದರಿಂದ ನಿಮ್ಮನ್ನು ನೋಡಬೇಕೆಂದರೆ ಅವರು ನಿಮ್ಮ ಪಕ್ಕದ ಗೋಡೆಯನ್ನು ನೋಡುತ್ತಾರೆ. ಗೊತ್ತಿಲ್ಲದವರು ಈ ಮುದುಕನಿಗೆ ಎಷ್ಟು ಸೊಕ್ಕು ಎಂದುಕೊಳ್ಳುತ್ತಾರೆ. ಇನ್ನು ಮದ್ದಿಲ್ಲ, ದೊಡ್ಡ ದೊಡ್ಡ ಅಕ್ಷರ ಓದಿಸಿ ಎಂದು ಡಾಕ್ಟರಮ್ಮ ಹೇಳಿ ಬಹಳ ದಿನವಾಯಿತು. ಅಪ್ಪ ಅದಕ್ಕೂ ಚೆನ್ನಾಗಿದೆ ಬಿಡಿ ಎಂದಿದ್ದರು.

ಹಳೆಯ ಲ್ಯಾಪ್‌ಟಾಪನ್ನು ಬೀರುವಿನ ಮೇಲಿಂದ ಇಳಿಸಿದಳು. ಅದು ಭಾವನದ್ದು; ಕಂಪನಿಯೊಂದರ ಲೆಕ್ಕ ಬರೆಯುವ ಭಾವ ಹೊಸದು ಕೊಂಡಾಗ ‘ಎಸೆಯೋ ಬದ್ಲು ನೀನಾದ್ರೂ ಇಟ್ಕೋ’ ಎಂದು ಕೊಟ್ಟದ್ದು. ಮೂರು ವರ್ಷ ಅವಳ ತೊಡೆ ಸುಟ್ಟ ಯಂತ್ರ. ವೈರು ಹಾಕದೆ ಉಸಿರಾಡುವುದಿಲ್ಲ, ಎದ್ದೇಳಲು ಅದಕ್ಕೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬೇಕು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಹಳೆಯದರಲ್ಲಿ ಪುಟ ತೆರೆದಳು. ಅಗೋ, ಎಲ್ಲ ಸರಿ. ತಲೆಬರಹ ಅಂಚಿನೊಳಗೆ, ಗುಂಡಿಗಳು ಒಂದೇ ಸಾಲಿಗೆ, ಡಾಕ್ಟರಮ್ಮನ ಗಲ್ಲ ನುಣುಪು. ಎರಡು ಪರದೆಗಳನ್ನು ಒಂದಾದ ಮೇಲೆ ಒಂದು ನೋಡುತ್ತ ಕೂತಳು. ಹಳೆಯದನ್ನು ನೋಡುವಾಗ ತನ್ನ ಕುತ್ತಿಗೆ ತಾನಾಗಿಯೇ ಮುಂದಕ್ಕೆ ಬಾಗುತ್ತದೆ, ಹೊಸದನ್ನು ನೋಡುವಾಗ ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಅವಳು ಆಗ ಗಮನಿಸಿದಳು. ಬೇರೆ ಯಾವುದೋ ಸುದ್ದಿಯ ಪುಟವನ್ನು ಎರಡರಲ್ಲೂ ತೆರೆದಳು. ಅದೂ ಹಳೆಯದರಲ್ಲಿ ಚಿಕ್ಕದು, ಹೊಸದರಲ್ಲಿ ದೊಡ್ಡದು. ತನ್ನ ಪುಟವೊಂದೇ ಅಲ್ಲ, ಲೋಕವೇ ಹಳೆಯದರಲ್ಲಿ ಚಿಕ್ಕದಾಗಿತ್ತು. ಅವಳು ಉಸಿರು ಹಿಡಿದು ಹಳೆಯ ಬ್ರೌಸರಿನ ಮೂಲೆಯ ಮೂರು ಚುಕ್ಕಿಗಳನ್ನು ಒತ್ತಿದಳು. ಇಳಿದುಬಂದ ಸಾಲುಗಳ ನಡುವೆ, ಮೂರು ವರ್ಷದಿಂದ ಯಾರ ಕಣ್ಣಿಗೂ ಬೀಳದೆ, ಪುಟವನ್ನು ಹಿಗ್ಗಿಸಿ ಕುಗ್ಗಿಸುವ ಒಂದು ಅಂಕಿ ಕೂತಿತ್ತು. ಅರವತ್ತೇಳು ಪರ್ಸೆಂಟು.

ಭಾವ! ವರ್ಷದ ಲೆಕ್ಕವನ್ನೆಲ್ಲ ಒಂದೇ ಪರದೆಯಲ್ಲಿ ನೋಡುವ ಚಟದ ಭಾವ ಎಲ್ಲವನ್ನೂ ಮೂರರಲ್ಲಿ ಎರಡು ಪಾಲಿಗೆ ಇಳಿಸಿಟ್ಟು, ಹಾಗೆಯೇ ಅವಳ ಕೈಗೆ ಕೊಟ್ಟಿದ್ದ. ಅವಳು ಆ ಕುಗ್ಗಿದ ಲೋಕವನ್ನೇ ಲೋಕವೆಂದು ನಂಬಿ, ಅದರಲ್ಲಿ ಕಣ್ಣಿಗೆ ಹದವಾಗಿ ಕಾಣುವಂತೆ ತನ್ನ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಹೋಗಿದ್ದಳು. ಫೋನಿನಲ್ಲಿ ಅವು ಉಬ್ಬಿ ಕಂಡಾಗ, ಫೋನು ಸಣ್ಣದಲ್ಲವೇ, ಪಾಪ ಅದಕ್ಕೇ ದೊಡ್ಡದಾಗಿ ತೋರಿಸುತ್ತದೆ ಎಂದುಕೊಂಡಿದ್ದಳು. ಅವಳು “ಅಯ್ಯೋ!” ಎಂದು ಕೂಗಿದಳು, ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು. ನಗು ಬಂತು, ನಗುವಿನ ಹಿಂದೆ ಇನ್ನೇನೋ ಬಂತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ. ಅಕ್ಷರಗಳು ತನಗೆ ಇಷ್ಟು ಸಣ್ಣದಾಗಿ ಕಾಣುತ್ತಿರುವುದು ಕಣ್ಣಿನಿಂದ, ಅಪ್ಪನ ಮಬ್ಬು ತನ್ನೊಳಗೂ ಹೊರಟಿದೆ ಎಂದು ಅವಳು ಎರಡು ವರ್ಷದಿಂದ ನಂಬಿದ್ದಳು. ರಾತ್ರಿ ದೀಪ ಆರಿಸುವ ಮುನ್ನ ಒಂದು ಕಣ್ಣು ಮುಚ್ಚಿ ಕ್ಯಾಲೆಂಡರಿನ ತಾರೀಖು ನೋಡುತ್ತಿದ್ದಳು, ಆಮೇಲೆ ಇನ್ನೊಂದು ಕಣ್ಣು. ಎರಡರಲ್ಲೂ ಸರಿಯಾಗಿ ಕಂಡರೂ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಹೆದರಿಕೆ ಮತ್ತೆ ಹಾಜರು. ಕಣ್ಣಿನ ಆಸ್ಪತ್ರೆಯ ಪುಟ ಮಾಡುತ್ತ, ಆ ಆಸ್ಪತ್ರೆಗೆ ಹೋಗಿ ಕುರ್ಚಿಯಲ್ಲಿ ಕೂತು ಗಲ್ಲ ಒರಗಿಸುವ ಧೈರ್ಯ ಮಾತ್ರ ಅವಳಿಗೆ ಬಂದಿರಲಿಲ್ಲ. ಕಣ್ಣಲ್ಲ. ಭಾವ! ಅಷ್ಟು ಹಗುರವಾಗಿ ಅವಳು ತನ್ನ ಭಾವನನ್ನು ಹಿಂದೆಂದೂ ಪ್ರೀತಿಸಿರಲಿಲ್ಲ. ಕಣ್ಣು ತೋರಿಸಿಕೊಳ್ಳುವುದಂತೂ ತೋರಿಸಿಕೊಳ್ಳಬೇಕು, ಆದರೆ ಇನ್ನು ಹೆದರದೆ ಹೋಗಬಹುದು.

ಕಾಯಿಲೆ ಗೊತ್ತಾದ ಮೇಲೆ ಮದ್ದು ಸುಲಭ. ಪುಟದ ಒಳಗಿನ ಅಳತೆಗಳನ್ನೆಲ್ಲ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ಮುಗಿಯಿತು. ಹೊಸ ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದುಕೊಂಡಳು. ಎಡಕ್ಕೆ ಅಳತೆಗಳು, ಬಲಕ್ಕೆ ಆ ದೈತ್ಯ ಪುಟ. ಮೊದಲ ಅಂಕಿ ಬದಲಿಸಲು ಬೆರಳು ಇಟ್ಟಳು. ಬದಲಿಸಿದರೆ ದೊಡ್ಡ ಕಂಪನಿಯವರ ಪುಟದ ಹಾಗೆ ನೀಟಾಗುತ್ತದೆ, ಡಾಕ್ಟರಮ್ಮ ತಲೆಯಾಡಿಸುತ್ತಾರೆ, ಅಕ್ಕನ ಮರ್ಯಾದೆ ಉಳಿಯುತ್ತದೆ. ಸಂಜೆಗೆ ಇನ್ನೂ ಹೊತ್ತಿತ್ತು.

“ಪುಟ್ಟೀ, ಏನದು ಕೂಗಿದ್ದು? ಬಿದ್ಯಾ?”

ಅಪ್ಪ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು.

“ಬಿದ್ದಿಲ್ಲಪ್ಪಾ, ಈಗ ಎದ್ದೆ,” ಎಂದಳು ಅವಳು ನಗುತ್ತ. ಅವರು ಅವಳ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಹೊರಗಿನ ತಂತಿಯ ಮೇಲೆ ಒಣಗಿದ ಬಟ್ಟೆಗಳನ್ನು ಲೆಕ್ಕ ಹಾಕುವವರಂತೆ ನಿಂತರು. ಬಿಸಿಲು ಕೆನ್ನೆಯ ಬಿಳಿ ಕೂದಲ ಮೇಲೆ ಬಿದ್ದಿತ್ತು. ಚಹಾ ಬೇಕೇನೋ ಎಂದು ಅವಳು ಕೇಳುವಷ್ಟರಲ್ಲಿ ಅವರು, ಕಿಟಕಿಗೇ ಹೇಳುವಂತೆ, ನಿಧಾನವಾಗಿ ಅಂದರು:

“ಕಣ್ಣಿನ... ಆಸ್ಪತ್ರೆ.”

ಅವಳ ಕೈ ಕೀಲಿಗಳ ಮೇಲೆ ನಿಂತುಬಿಟ್ಟಿತು. ಕೋಣೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಮಾತ್ರ ಏದುಸಿರು ಬಿಡುತ್ತಿತ್ತು.

“ಯಾರು ಬರೆದಿದ್ದು ಅದು?” ಅಪ್ಪನ ದನಿಯಲ್ಲಿ ಏನೋ ಬದಲಾಗಿತ್ತು. “ಮಷೀನು ಬರೆದಿದ್ದಲ್ಲ.”

“ನಾನೇ ಅಪ್ಪ. ಕಾಗದದ ಮೇಲೆ ಬ್ರಶ್ಶಲ್ಲಿ ಬರೆದು ಫೋಟೋ ತೆಗೆದು ಹಾಕಿದ್ದು.”

“ಯಾವ ಬ್ರಶ್ಶು?”

“ನಿಮ್ದೇ. ಚಪ್ಪಟೆದು. ಹಿಡೀಲಿ ದಾರ ಸುತ್ತಿದೆಯಲ್ಲ.”

“ಜರುಗು,” ಎಂದರು ಅಪ್ಪ. ಅವಳು ಎದ್ದು ಕುರ್ಚಿ ಕೊಟ್ಟಳು. ಅವರು ಕೂತು ತಲೆಯನ್ನು ಓರೆ ಮಾಡಿ, ಮೂಗನ್ನು ಪರದೆಯ ಬಲ ಅಂಚಿಗೆ ಒಡ್ಡಿ, ಕೋಳಿಯ ಹಾಗೆ ಅಷ್ಟಷ್ಟೇ ಕತ್ತು ಆಡಿಸಿದರು. ಪುಟ ಹಿಗ್ಗಿಸುವ ಕೀಲಿಯನ್ನು ಅವಳು ಅವರ ಭುಜದ ಮೇಲಿಂದ ಕೈಚಾಚಿ ಒತ್ತಿದಳು. ನೂರು ನೂರಹತ್ತಾಯಿತು, ನೂರಿಪ್ಪತ್ತೈದಾಯಿತು. ಅಕ್ಷರಗಳು ಒಂದು ಹೆಜ್ಜೆ ಮುಂದೆ ಬಂದವು. ಅಪ್ಪ ಬೆಚ್ಚಿ ಹಿಂದೆ ಸರಿದರು.

“ಏನ್ಮಾಡ್ದೆ?”

“ದೊಡ್ಡದು ಮಾಡ್ದೆ.”

“ಇನ್ನೂ ಮಾಡು.”

ಮಾಡಿದಳು.

“ಇನ್ನೂ.”

ಗುಂಡಿಗಳು ಚೆಲ್ಲಾಪಿಲ್ಲಿಯಾದವು, ಡಾಕ್ಟರಮ್ಮ ಗಡ್ಡದ ಸಮೇತ ಪರದೆಯ ಆಚೆ ಹೋದರು, ಅವಳ ಅಚ್ಚುಕಟ್ಟೆಲ್ಲ ಹಾಳಾಗಿ ಹೋಯಿತು. ಎರಡೇ ಎರಡು ಅಕ್ಷರ ಪರದೆ ತುಂಬಿ ನಿಂತಾಗ ಅಪ್ಪ “ನಿಲ್ಸು” ಎಂದರು. ತೋರುಬೆರಳನ್ನು ಚಾಚಿ, ಅವಳು ಬೆಳಗ್ಗಿನಿಂದ ಉಸಿರು ಕೂಡ ತಾಗದಂತೆ ಕಾದುಕೊಂಡಿದ್ದ ಪರದೆಯ ಮೇಲೆ ಊರಿ, ‘ಆ’ದ ಬೆನ್ನಿನಿಂದ ‘ಸ್ಪ’ದ ತಲೆಯವರೆಗೆ ಎಳೆದರು. ಎಣ್ಣೆಗೈ. ಒಂದು ಅಡ್ಡಗೆರೆ ಬಿತ್ತು.

“ಇದೇನು ಇಷ್ಟು ಜಾಗ? ಇದರ ಮಧ್ಯ ಲಾರಿ ಹೋಗ್ತದೆ.”

ಅವಳು ಬಗ್ಗಿ ನೋಡಿದಳು.

“ಕೆಳಗೆ ಈ ಒತ್ತು ಹಿಡಿಯೋರಿಲ್ದೆ ತೂಗಾಡ್ತಿದೆ. ಮೇಲಕ್ಕೆ ಎಳಿ, ಮೈಗೆ ಅಂಟ್ಕೊಂಡಿರ್ಬೇಕು. ಆ ‘ಕ’ ತೋರ್ಸು. ಆ ಕಡೆ. ಹಾಂ. ನೋಡು, ತಲೆಕಟ್ಟು ಎಳೆಯೋವಾಗ ಬಣ್ಣ ಸಾಲಿಲ್ಲ ನಿನಗೆ, ಬ್ರಶ್ಶು ಒಣಗಿದೆ. ಮತ್ತೆ ಅದ್ದೋಕೆ ಸೋಮಾರಿತನ. ಎಷ್ಟು ಸಲ ಹೇಳಿದೀನಿ? ನಿನಗೆ ಕಲಿಸಿದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು. ಕೆಟ್ಟದಾಗಿದೆ ಪುಟ್ಟಿ. ಬಹಳ ಕೆಟ್ಟದಾಗಿದೆ.”

ಕೆಟ್ಟದಾಗಿದೆ! ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಕಣ್ಣಲ್ಲಿ ನೀರು ಬಂದು ಆ ಎರಡು ಅಕ್ಷರಗಳೂ ಕದಡಿದವು. ಅದೇ ದನಿ, ಸೈಕಲ್ಲಿನವನ ಮೇಲೆ ಏಣಿಯಿಂದ ಹಾರಿ ಬಂದಿದ್ದ ದನಿ. ಅಪ್ಪ ನೋಡಿದ್ದಾರೆ. ಕಾಣದವರು ಚೆನ್ನಾಗಿದೆ ಎನ್ನಬಹುದು, ಬ್ರಶ್ಶು ಒಣಗಿದ್ದನ್ನು ಹೇಳಲಾರರು. ಮೂರು ವರ್ಷ ಅವಳು ಫೋನನ್ನು ಅವರ ಮುಖಕ್ಕೆ ಒತ್ತಿ ಒತ್ತಿ ಕೇಳಿದ್ದೇನು, ಇದೊಂದನ್ನೇ ತಾನೇ? ‘ಕೆಳಗಡೆ ಒಂದು ಸಾಲಿದೆ ಅಪ್ಪ, ಅದನ್ನೂ ನೋಡಿ’ ಎಂದು ದನಿ ಸರಿಮಾಡಿಕೊಂಡು ಹೇಳಿ, ಪುಟವನ್ನು ಮೇಲೆ ಸರಿಸಿದಳು. ಅಪ್ಪ ಕತ್ತನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಒಂದೊಂದೇ ಪದವನ್ನು ಅಂಚಿನಿಂದ ಹಿಡಿದು ಎಳೆಯುತ್ತ ಓದಿದರು.

“ಕಣ್ಣು... ಮಂಜಾಗಿದೆಯೇ? ಹೆದರ... ಬೇಡಿ. ಬನ್ನಿ.”

ಮುಂದಿನ ಕೋಣೆಯಲ್ಲಿ ರೇಡಿಯೋ ತನ್ನಷ್ಟಕ್ಕೆ ಏನೋ ಹೇಳುತ್ತಿತ್ತು. ಆ ಸಾಲನ್ನು ಬರೆದ ದಿನ ಅವಳು ಯೋಚಿಸಿದ್ದು ಅಪ್ಪನನ್ನೋ ತನ್ನನ್ನೋ ಎಂಬುದು ಅವಳಿಗೆ ಈಗ ನೆನಪಾಗಲಿಲ್ಲ. ಅಪ್ಪ ಅವಳ ಪಕ್ಕದ ಗೋಡೆಯ ಕಡೆ ತಿರುಗಿದರು, ಎಂದರೆ ಅವಳನ್ನು ನೋಡಿದರು.

“ಹೆದರಬೇಡಿ ಅನ್ನೋದು ಚಿಕ್ಕದಾಯ್ತು,” ಎಂದರು. “ಬೋರ್ಡಿಗಿಂತ ಅದು ದೊಡ್ಡದಿರ್ಬೇಕು. ಹೆದರ್ಕೊಂಡು ಬಂದೋನಿಗೆ ಮೊದ್ಲು ಅದು ಕಾಣ್ಬೇಕು.”

“ಆಗ್ಲಿ ಅಪ್ಪ.”

“ಆಗ್ಲಿ ಅಂದ್ರೆ? ಬ್ರಶ್ಶು ತಗೋ.”

ಬ್ರಶ್ಶು ತಗೊಂಡಳು. ನೆಲದ ಮೇಲೆ ಹಾಳೆ ಹರಡಿ, ಕಪ್ಪು ಬಣ್ಣವನ್ನು ಬಟ್ಟಲಿಗೆ ಸುರಿದು, ಮೊಣಕಾಲೂರಿ ಕೂತು ಬರೆದಳು. ಅಪ್ಪ ಕುರ್ಚಿಯಿಂದಲೇ ‘ಅದ್ದು, ಅದ್ದು’ ಎನ್ನುತ್ತಿದ್ದರು. ಕಾಣುವುದಕ್ಕಿಂತ ಹೆಚ್ಚಾಗಿ ಬ್ರಶ್ಶಿನ ಸದ್ದು ಕೇಳಿಯೇ ಅವರಿಗೆ ಗೊತ್ತಾಗುತ್ತಿತ್ತೇನೋ. ಹಾಳೆಯ ಫೋಟೋ ತೆಗೆದು ಪುಟದ ನೆತ್ತಿಯ ಮೇಲೆ ಕೂರಿಸಿದಳು. ‘ಆ’ವನ್ನು ‘ಸ್ಪ’ದ ಹತ್ತಿರ ಎಳೆದಳು, ಲಾರಿ ಹೋಗಲಿ, ಸೈಕಲ್ಲೂ ಹೋಗದ ಹಾಗೆ. ಗುಂಡಿಗಳನ್ನು ಒಂದೇ ಸಾಲಿನ ಹಟ ಬಿಟ್ಟು ಒಂದರ ಕೆಳಗೊಂದು ನಿಲ್ಲಿಸಿದಳು. ಡಾಕ್ಟರಮ್ಮನ ಗಡ್ಡವನ್ನು ತೆಗೆದು ಪಕ್ಕಕ್ಕೆ ಇಟ್ಟಳು. ಅಕ್ಷರದ ಅಳತೆಗಳನ್ನು ಮಾತ್ರ ಮುಟ್ಟಲಿಲ್ಲ. ಎಡಗಡೆಯ ಕಿಟಕಿಯಲ್ಲಿ ಕಡಿಮೆ ಮಾಡಲೆಂದು ತೆರೆದಿಟ್ಟಿದ್ದ ಆ ಅಂಕಿಗಳು ಹಾಗೇ ಉಳಿದವು. ಕೆಲಸ ಮುಗಿದಾಗ ಅವಳು, ಯಾರೂ ಹೇಳದೆ, ಎದ್ದು ಹಿಂದೆ ಹಿಂದೆ ನಡೆದು ಎದುರು ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿದಳು. ಮೂರು ವರ್ಷದಲ್ಲಿ ಒಂದು ಸಲವೂ ಹೀಗೆ ನಿಂತು ನೋಡಿರಲಿಲ್ಲವಲ್ಲ ಎಂದು ನೆನೆದು ನಾಚಿಕೆಯಾಯಿತು. ‘ಹೆದರಬೇಡಿ’ ಅಲ್ಲಿಂದಲೂ ಓದಲು ಬರುತ್ತಿತ್ತು.

ಫೋನು ಬಂತು. ಅಕ್ಕನ ಹಿಂದೆ ಆಸ್ಪತ್ರೆಯ ಗದ್ದಲ, ಯಾರೋ ಟೋಕನ್ ನಂಬರು ಕೂಗುತ್ತಿದ್ದರು.

“ಎಲ್ಲಿದೀಯೇ? ಇನ್ನು ಇಬ್ರೇ ಪೇಷಂಟು. ಸರಿ ಹೋಯ್ತಾ?”

“ಅಕ್ಕಾ, ನೀನು ಹೋದ ವಾರ ಹೇಳಿದ್ದು ನಿಜ. ಅಂಗಡಿ ಬೋರ್ಡಿನ ಥರಾನೇ ಇತ್ತು. ನಾನು ಸುಮ್ ಸುಮ್ನೆ ನಿನಗೆ ಅಂದೆ.”

“ಅದೆಲ್ಲ ಆಮೇಲೆ. ಚಿಕ್ಕದು ಮಾಡಿದ್ಯಾ?”

“ಇಲ್ಲ ಕಣೇ. ಅಪ್ಪ ಬೈದ್ರು.”

“ಯಾಕೆ?”

“ಅಕ್ಷರ ಕೆಟ್ಟದಾಗಿ ಬರೆದಿದೀನಂತೆ. ಬ್ರಶ್ಶು ಒಣಗಿತ್ತಂತೆ. ಮಧ್ಯ ಲಾರಿ ಹೋಗ್ತದಂತೆ.”

ಗದ್ದಲ ದೂರವಾಯಿತು, ಅಕ್ಕ ಮೂಲೆಗೆ ಹೋಗಿರಬೇಕು, ಇಲ್ಲವೇ ಬಾಗಿಲು ಮುಚ್ಚಿಕೊಂಡಿರಬೇಕು.

“ಓದಿದ್ರಾ?” ಎಂದಳು ಕೊನೆಗೆ, ನರ್ಸಿನ ದನಿಯಲ್ಲಿ ಅಲ್ಲ. “ಪುಟ್ಟಿ, ಅವ್ರೇ ಓದಿದ್ರಾ?”

“ಅವ್ರೇ.”

“ಹಾಗೇ ತಗೊಂಡ್ ಬಾ. ಒಂದಕ್ಷರ ಚಿಕ್ಕದು ಮಾಡಿದ್ರೆ ನೋಡು ಮತ್ತೆ. ಬೇಕಾದ್ರೆ ಡಾಕ್ಟರಮ್ಮನ ಹತ್ರ ನಾನೇ ಜಗಳ ಆಡ್ತೀನಿ.” ಮೂಗು ಒರೆಸಿಕೊಂಡ ಸದ್ದು ಕೇಳಿತು. “ಅವ್ರನ್ನೂ ಕರ್ಕೊಂಡ್ ಬಾ.”

ಕರೆಯುವ ಅಗತ್ಯವಿರಲಿಲ್ಲ. ಅಪ್ಪ ಆಗಲೇ ಬಾಗಿಲಲ್ಲಿ ಒಂದು ಕೈ ಗೋಡೆಗೆ ಊರಿ, ಕಾಲಿನಿಂದ ಚಪ್ಪಲಿ ತಡಕುತ್ತಿದ್ದರು. ಅವಳು ಲ್ಯಾಪ್‌ಟಾಪನ್ನು ಮಡಚಿ, ಮುಚ್ಚಳದ ಪ್ಲಾಸ್ಟಿಕ್ ಹಾಳೆಯನ್ನು ಚರ್ರೆಂದು ಕಿತ್ತು ಬಿಸಾಡಿ, ಎದೆಗೆ ಒತ್ತಿಕೊಂಡು ಬಂದಳು. ಪರದೆಯ ಮೇಲಿನ ಆ ಎಣ್ಣೆಯ ಗೆರೆಯನ್ನು ಒರೆಸಲಿಲ್ಲ.

“ಡಾಕ್ಟರಮ್ಮನ ಕೋಣೆ ದೊಡ್ಡದಾ?” ಎಂದು ಕೇಳಿದರು ಅಪ್ಪ, ಅವಳ ತೋಳು ಹಿಡಿಯುತ್ತ. “ಅದನ್ನ ಇಟ್ಟು ಎದುರಿಗೆ ನಿಲ್ಲೋಕೆ ಎಷ್ಟು ಜಾಗ ಇದೆ?”